ಎಚ್‌ಒ ಸೈಡಿಂಗ್‌ಗೆ ಕಾರ್ಖಾನೆ ಕಿಟ್: ಯಾವುದನ್ನು ತರಿಸುವುದು, ಯಾವುದನ್ನು ಇಲ್ಲೇ ಮಾಡುವುದು?

ಮಂಜೇಶ್ವರ_ಲೂಪ್

ಮಾದರಿ ರೈಲಿನ ಬೋರ್ಡು 240 × 45 ಸೆಂ.ಮೀ., ಗೋಡೆಗೆ ತಾಗಿ ಇರುವಂಥದ್ದು. ಎಚ್‌ಒ (1:87 ಅಳತೆ), ಪೀಕೋ ಕೋಡ್ 100 ಹಳಿ, ಅಡಿಗೆ 3 ಮಿ.ಮೀ. ಕಾರ್ಕ್. ಮಂಗಳೂರು–ಶೊರನೂರು ಲೈನಿನಲ್ಲಿ ಕುಂಬಳೆ, ಉಪ್ಪಳದ ಹಾಗೆ ಒಂದು ಕಲ್ಪನೆಯ ಸ್ಟೇಷನ್. ಹಿಂದೆ ಗೋಡೆಯ ಬದಿಗೆ 90 ಸೆಂ.ಮೀ. ನೇರ ಸೈಡಿಂಗ್ (ಸರಕು ವ್ಯಾಗನ್ ನಿಲ್ಲುವ ಬದಿಯ ಹಳಿ) ಉಂಟು. ಅಲ್ಲಿ ಮೂರು ಕಟ್ಟಡ ಬೇಕು: ಹೆಂಚಿನ ಕಾರ್ಖಾನೆ, ಗೋದಾಮು, ಸಿಮೆಂಟ್ ಘಟಕ.

ವಾಲ್ಥರ್ಸ್, ಫಾಲರ್, ಆವ್‌ಹಾಗೆನ್ ಕ್ಯಾಟಲಾಗ್‌ಗಳಲ್ಲಿ ಕಾರ್ಖಾನೆ ಕಿಟ್ (ಬಿಡಿಭಾಗ ಅಂಟಿಸಿ ಕಟ್ಟುವ ಮಾದರಿ) ಬೇಕಾದಷ್ಟು ಇವೆ. ಆದರೆ ಎಲ್ಲವೂ ಅಮೆರಿಕದ್ದು ಇಲ್ಲವೇ ಜರ್ಮನಿಯದ್ದು. ಯಾವುದನ್ನು ತಂದರೆ ಕೊಯ್ಯುವ ಕೆಲಸ ಕಡಿಮೆ? ಲೇಸರ್ ಕಟ್ ಎಂಡಿಎಫ್ (ಒತ್ತಿದ ಮರದ ನಾರಿನ ಹಲಗೆ) ಕಿಟ್‌ಗಳು ನಮ್ಮ ಮಳೆಗಾಲಕ್ಕೆ ತಡೆಯುತ್ತವೆಯೇ? ತಿಳಿದವರು ಅಳತೆ ಸಮೇತ ಹೇಳಿ.

ಹೆಂಚುಮಾಡು

ಕಿಟ್ ಆಮೇಲೆ ನೋಡುವ. ಮೊದಲು ವ್ಯಾಗನ್ ಅಳತೆ ಬರೆದಿಟ್ಟುಕೊಳ್ಳಿ. ಎಚ್‌ಒದಲ್ಲಿ ಒಂದು ಮೀಟರ್ ಅಂದರೆ 11.5 ಮಿ.ಮೀ. ಮುಚ್ಚಿದ ವ್ಯಾಗನ್ ಬಿಸಿಎನ್‌ಎ ಕಪ್ಲರ್ (ಕೊಂಡಿ) ಸೇರಿ 14.45 ಮೀಟರ್, ಅಂದರೆ 166 ಮಿ.ಮೀ. ಬಿಸಿಎನ್‌ಎಚ್‌ಎಲ್ ಗಿಡ್ಡ, 126 ಮಿ.ಮೀ. ತೆರೆದ ವ್ಯಾಗನ್ ಬಾಕ್ಸ್‌ಎನ್ 123. ನಿಮ್ಮ 90 ಸೆಂ.ಮೀ. ಸೈಡಿಂಗ್‌ನಲ್ಲಿ ಐದು ಬಿಸಿಎನ್‌ಎ ನಿಂತರೆ 83 ಸೆಂ.ಮೀ. ಮುಗಿಯಿತು. ಅದರ ಹಿಂದೆ ಮೂರು ಪೂರ್ಣ ಕಾರ್ಖಾನೆ ಹಿಡಿಯುವುದಿಲ್ಲ. ಹಿಡಿಸಿದರೆ ಮೂರೂ ಬೆಂಕಿಪೆಟ್ಟಿಗೆಯ ಹಾಗೆ ಕಾಣುತ್ತವೆ. ಎರಡು ಮಾಡಿ, ದೊಡ್ಡದಾಗಿ ಮಾಡಿ.

ಇನ್ನು ಪ್ಲಾಟ್‌ಫಾರ್ಮ್. ನಮ್ಮ ಬ್ರಾಡ್‌ಗೇಜ್ ಗೂಡ್ಸ್ ಪ್ಲಾಟ್‌ಫಾರ್ಮ್ ಹಳಿಯ ತಲೆಯಿಂದ 1065 ಮಿ.ಮೀ. ಎತ್ತರ; ಮಾದರಿಯಲ್ಲಿ 12.2. ಅಂಚು ಹಳಿಯ ನಡುಗೆರೆಯಿಂದ 1670, ಮಾದರಿಯಲ್ಲಿ 19.2. ಹೆಚ್ಚಿನವರು ಎಡವುವುದು ಇಲ್ಲೇ: ಈ 12 ಮಿ.ಮೀ. ಅನ್ನು ಬೋರ್ಡಿನಿಂದ ಅಳೆಯುತ್ತಾರೆ. ಕಾರ್ಕ್ 3, ಸ್ಲೀಪರ್ ಮತ್ತು ಹಳಿ ಸೇರಿ ಸುಮಾರು 5, ಅದರ ಮೇಲೆ 12. ಬೋರ್ಡಿನಿಂದ ಲೆಕ್ಕ ಹಾಕಿದರೆ 20 ಮಿ.ಮೀ. ಬೇಕು. ಕಿಟ್‌ನ ಕಟ್ಟಡವನ್ನು ಹಾಗೇ ಬೋರ್ಡಿನ ಮೇಲೆ ಕೂರಿಸಿದರೆ ಅದರ ಬಾಗಿಲು ವ್ಯಾಗನ್ ಬಾಗಿಲಿಗಿಂತ ಕೆಳಗೆ ಹೋಗುತ್ತದೆ, ಆಮೇಲೆ ಏನು ಮಾಡಿದರೂ ಸರಿ ಕಾಣದು.

19.2ಕ್ಕೆ ಅಂಟಿಸಬೇಡಿ. ನಮ್ಮ ವ್ಯಾಗನ್ ಅಗಲ ಹೆಚ್ಚೆಂದರೆ 3250, ಮಾದರಿಯಲ್ಲಿ 37.3, ಅರ್ಧಕ್ಕೆ 18.7. ಉಳಿಯುವ ಸಂದು ಅರ್ಧ ಮಿ.ಮೀ. ಬೋಗಿ ಸ್ವಲ್ಪ ಓಲಾಡಿದರೆ ಸಾಕು, ಉಜ್ಜುತ್ತದೆ. ನೇರ ಹಳಿಯಲ್ಲಿ 20.5ರಿಂದ 21 ಇಡಿ.

ಮಂಜೇಶ್ವರ_ಲೂಪ್

ಅಮೆರಿಕದ ಕಿಟ್‌ನ ಬಾಗಿಲೊಳಗೆ ನಮ್ಮ ವ್ಯಾಗನ್ ಹೋಗುತ್ತದೆಯೇ?

ಹೆಂಚುಮಾಡು

ಸಲೀಸಾಗಿ. ಅಲ್ಲಿನ ವ್ಯಾಗನ್ 10 ಅಡಿ 8 ಅಂಗುಲ ಅಗಲ, ಅಂದರೆ ಹೆಚ್ಚುಕಡಿಮೆ ನಮ್ಮ 3250ವೇ. ಎತ್ತರದಲ್ಲಿ ಅವರದ್ದೇ ಜಾಸ್ತಿ. ಅಮೆರಿಕದ ಕಿಟ್‌ನ ಒಳಹಳಿ ಬಾಗಿಲು ನಮಗೆ ಸ್ವಲ್ಪ ಉದ್ದವೇ ಆಗುತ್ತದೆ. ಮೇಲಿನಿಂದ 5 ಮಿ.ಮೀ. ಪಟ್ಟಿ ಇಳಿಸಿದರೆ ಸರಿ. ಬ್ರಿಟಿಷ್ ಕಿಟ್ ಆದರೆ ಅಳೆದೇ ತಗೊಳ್ಳಿ. ಅವು 1:76, ನಮಗಿಂತ 14 ಶೇಕಡಾ ದೊಡ್ಡವು, ಆದರೆ ಅಲ್ಲಿನ ರೈಲೇ ಸಪೂರ. ಎರಡೂ ಸೇರಿ ಕೆಲವು ಬಾಗಿಲು ಸರಿಹೋಗುತ್ತದೆ, ಕೆಲವು ತಾಗುತ್ತದೆ.

ಹೊಟಗಿ_ಯಾರ್ಡ್

ಸಿಮೆಂಟ್ ಬಗ್ಗೆ ಒಂದ್ ಮಾತ್ರೀ. ಕರಾವಳಿ ಸಣ್ಣ ಸ್ಟೇಷನ್ನಿನಾಗ ಸಿಮೆಂಟ್ ಘಟಕ ಯಾಕ? ಅಲ್ಲಿಗೆ ಸಿಮೆಂಟ್ ಬರೋದು ಬಿಸಿಎನ್ ವ್ಯಾಗನ್ನಿನಾಗ, 50 ಕೆ.ಜಿ. ಚೀಲದಾಗ. ಹಮಾಲರು ಇಳಿಸ್ತಾರ, ಲಾರಿಗೆ ಹೇರ್ತಾರ. ಅದಕ್ಕ ಗೂಡ್ಸ್ ಶೆಡ್ ಸಾಕು. ವಾಲ್ಥರ್ಸ್‌ನ ವ್ಯಾಲಿ ಸಿಮೆಂಟ್ ಕಿಟ್ ಛಂದ ಐತಿ, ಖರೆ. ಆದ್ರ ಅದರೊಳಗ ಸುಡೋ ಗೂಡು ಸುದ್ದಾ ಐತಿ. ಗೂಡು ಇರೋದು ಸುಣ್ಣದಕಲ್ಲು ಸಿಗೋ ವಾಡಿಯಂಥ ಕಡೆ. ನಿಮಗ ಬೇಕೇಬೇಕು ಅಂದ್ರ ಗ್ರೈಂಡಿಂಗ್ ಘಟಕ ಮಾಡ್ರಿ: ಕ್ಲಿಂಕರ್ (ಗೂಡಿನ್ಯಾಗ ಸುಟ್ಟ ಗಟ್ಟಿ), ಜಿಪ್ಸಮ್, ಹಾರುಬೂದಿ ಒಳಗ ಬರ್ತಾವ, ಸಿಮೆಂಟ್ ಹೊರಗ ಹೋಗ್ತೈತಿ. ಗೂಡು ಇಲ್ಲ, ಉದ್ದನ್ನ ಚಿಮಣಿ ಇಲ್ಲ. ಮೂರು ಸೈಲೊ, ಒಂದು ಮಿಲ್ ಕಟ್ಟಡ, ಒಂದು ಕನ್ವೇಯರ್, ಒಂದು ಚೀಲ ತುಂಬೋ ಶೆಡ್, ಮುಗೀತು.

ಸೈಲೊಕ್ಕ ಕಿಟ್ ತರಿಸಬ್ಯಾಡ್ರಿ. ಹಾರ್ಡ್‌ವೇರ್ ಅಂಗಡ್ಯಾಗಿನ ಪಿವಿಸಿ ಪೈಪ್ ತಗೋರಿ. 110 ಮಿ.ಮೀ. ಪೈಪ್ ಎಚ್‌ಒದಾಗ 9.6 ಮೀಟರ್ ಸುತ್ತಳತೆ ಅಲ್ಲ, ವ್ಯಾಸ ಮತ್ತ. 75ರ ಪೈಪ್ 6.5 ಮೀಟರ್. 160ರದ್ದು 14 ಮೀಟರ್, ನಿಮ್ಮ 45 ಸೆಂ.ಮೀ. ಬೋರ್ಡಿಗೆ ಭಾಳ ದಪ್ಪ ಆತು. ಪೈಪಿನ ಮ್ಯಾಲಿನ ಅಚ್ಚು ಅಕ್ಷರ 220 ನಂಬರ್ ಪಾಲಿಶ್ ಪೇಪರ್‌ನಿಂದ ತಿಕ್ಕಿ ತಗೀರಿ, ಹೊಳಪು ಹೋಗೋ ತನಕ ತಿಕ್ಕಬೇಕು, ಇಲ್ಲಾಂದ್ರ ಬಣ್ಣ ಉಗುರಿಗೆ ಸಿಕ್ಕು ಪೊರೆ ಆಗಿ ಬರ್ತೈತಿ. ಕಿಟ್‌ನ ಅಂಟು ಪಿವಿಸಿಗೆ ಹಿಡಿಯಂಗಿಲ್ಲ. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್, ಇದು ಬ್ಯಾರೆ. ಎರಡನ್ನೂ ಕೂಡಸಬೇಕಾದಲ್ಲಿ ಎರಡು ಟ್ಯೂಬಿನ ಇಪಾಕ್ಸಿ ಹಚ್ಚರಿ.

ಮಂಜೇಶ್ವರ_ಲೂಪ್

ಸರಿ, ಸಿಮೆಂಟ್ ಘಟಕ ಕೈಬಿಟ್ಟೆ. ಗೂಡ್ಸ್ ಶೆಡ್‌ನಲ್ಲೇ ಸಿಮೆಂಟ್ ಇಳಿಯಲಿ. ಹಾಗಾದರೆ ಹೆಂಚಿನ ಕಾರ್ಖಾನೆ ಮತ್ತು ಗೋದಾಮು. ಅಂಟು ಎಲ್ಲಿಂದ? ಹೊರಗಿನಿಂದ ಕಿಟ್ ತರಿಸುವಾಗ ಅಂಟು ಕಳಿಸುವುದಿಲ್ಲ ಎನ್ನುತ್ತಾರೆ.

ಹೊಸೂರು_ಶೆಡ್

ಕಳಿಸಲ್ಲ. ದ್ರಾವಕ ಅಂಟು, ಸ್ಪ್ರೇ ಬಣ್ಣ ಎರಡೂ ಬೆಂಕಿ ಹತ್ತುವ ಸರಕು, ವಿಮಾನದಲ್ಲಿ ಸಾಮಾನ್ಯ ಪಾರ್ಸಲ್ ಆಗಿ ಹೋಗಲ್ಲ. ಟಮಿಯಾ ಎಕ್ಸ್‌ಟ್ರಾ ಥಿನ್, ಹಸಿರು ಮುಚ್ಚಳದ 40 ಮಿ.ಲೀ. ಬಾಟಲಿ, ಇಲ್ಲಿನ ಹಾಬಿ ಅಂಗಡಿಗಳಲ್ಲೇ ಸಿಗುತ್ತೆ. ಒಂದು ಬಾಟಲಿಯಲ್ಲಿ ನಿಮ್ಮ ಎರಡೂ ಕಟ್ಟಡ ಮುಗಿದು ಮಿಗುತ್ತೆ. ಎರಡು ಭಾಗ ಮೊದಲು ಒತ್ತಿ ಹಿಡಿದು, ಆಮೇಲೆ ಕುಂಚದ ತುದಿ ಸಂದಿಗೆ ಮುಟ್ಟಿಸಿ. ಅಂಟು ತಾನೇ ಒಳಗೆ ಹರಿಯುತ್ತೆ. ಮೊದಲೇ ಬಳಿದು ಆಮೇಲೆ ಒತ್ತಿದರೆ ಹೊರಗೆ ಉಕ್ಕಿ ಇಟ್ಟಿಗೆ ಗೆರೆ ಅಳಿಸಿಹೋಗುತ್ತೆ. ಬೆರಳು ಸಂದಿಯ ಮೇಲೆ ಇದ್ದರೆ ಅಂಟು ಬೆರಳಡಿಗೂ ಹರಿದು ರೇಖೆ ಮೂಡಿಸುತ್ತೆ, ಅಂಚಿನಿಂದ ದೂರ ಹಿಡಿಯಿರಿ.

ಫಾಲರ್ ಅಂಟಿನ ಬಾಟಲಿಗೆ ತೆಳ್ಳಗಿನ ಲೋಹದ ಸೂಜಿ ಇರುತ್ತೆ, ಕಟ್ಟಿಕೊಳ್ಳುತ್ತೆ. ಲೈಟರ್‌ನಿಂದ ಸುಡೋ ಉಪಾಯ ಎಲ್ಲರೂ ಹೇಳ್ತಾರೆ. ಬಾಟಲಿಯಲ್ಲಿ ಇದ್ದ ಹಾಗೇ ಸುಡಬೇಡಿ. ಸಪೂರ ಉಕ್ಕಿನ ತಂತಿ ತೂರಿಸಿದರೆ ಸಾಕು, ಕೆಲಸ ಆದಮೇಲೆ ಆ ತಂತಿಯನ್ನ ಅಲ್ಲೇ ಬಿಡಿ.

ಬಣ್ಣ ಬಳಿದ ಅಂಚಿಗೆ ಈ ಅಂಟು ಹಿಡಿಯಲ್ಲ, ಕೆರೆದು ಪ್ಲಾಸ್ಟಿಕ್ ಕಾಣಿಸಿ. ಕಿಟಕಿ ಗಾಜಿಗೆ ಫೆವಿಕ್ವಿಕ್ ಬೇಡವೇ ಬೇಡ: ಅದರ ಆವಿ ಬಿಳಿ ಮಬ್ಬಾಗಿ ಕೂರುತ್ತೆ. ಗಾಳಿಯಲ್ಲಿ ತೇವ ಹೆಚ್ಚಿದ್ದಷ್ಟೂ ಮಬ್ಬು ಹೆಚ್ಚು, ಕಾಸರಗೋಡಿನ ಜುಲೈಯಲ್ಲಂತೂ ಹೇಳೋದೇ ಬೇಡ. ಗಾಜಿಗೆ ಫೆವಿಕಾಲ್ ಸಾಕು.

ಕಿಟ್ ತರಿಸುವಾಗ ಇನ್ನೊಂದು ಲೆಕ್ಕ. ಕೊರಿಯರ್‌ನವರು ತೂಕ ಮಾತ್ರ ನೋಡಲ್ಲ. ಉದ್ದ × ಅಗಲ × ಎತ್ತರ ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬಂದ ಕೆ.ಜಿ.ಯೇ ಜಾಸ್ತಿ ಇದ್ದರೆ ಅದಕ್ಕೇ ದುಡ್ಡು. ಕಾರ್ಖಾನೆ ಕಿಟ್‌ನ ಪೆಟ್ಟಿಗೆಯಲ್ಲಿ ಅರ್ಧ ಗಾಳಿ. ಕಸ್ಟಮ್ಸ್ ಸುಂಕವೂ ಸಾಗಾಣಿಕೆ ಸೇರಿದ ಬೆಲೆಯ ಮೇಲೆ. ದೊಡ್ಡ ಒಂದು ಕಿಟ್‌ಗಿಂತ ಆವ್‌ಹಾಗೆನ್‌ನ ಬಿಡಿ ಗೋಡೆ, ಕಂಬ, ಕಿಟಕಿ ಪ್ಯಾಕ್‌ಗಳು ಚಪ್ಪಟೆ ಬರುತ್ತವೆ, ಆ ಲೆಕ್ಕಕ್ಕೂ ಲಾಭ.

ನೀರ್ಚಾಲು_ಕಾರ್ಡ್

ಪ್ಲಾಸ್ಟಿಕ್ಕೇ ಯಾಕೆ? ಮೆಟ್‌ಕಾಫ್‌ನ ರಟ್ಟಿನ ಕಿಟ್ ಕಡಿಮೆ ಬೆಲೆ, ಬಣ್ಣ ಬಳಿಯುವ ಕೆಲಸ ಇಲ್ಲ, ಮುದ್ರಿತ ಇಟ್ಟಿಗೆ ಚಂದ ಕಾಣುತ್ತದೆ. ಒಳಗಿನಿಂದ ಎರಡು ಕೈ ಸ್ಯಾಂಡಿಂಗ್ ಸೀಲರ್ (ಮರಕ್ಕೆ ಬಳಿಯುವ ಲೇಪ) ಹೊಡೆದರೆ ಮಳೆಗಾಲವೂ ಕಳೆಯುತ್ತದೆ.

ಹೆಂಚುಮಾಡು

ಒಳಗಿನಿಂದ ಮಾತ್ರ ಹೊಡೆದರೆ ಅದಕ್ಕೇ ಬಗ್ಗುವುದು, ಮಾರಾಯ್ರೇ. ಒಂದು ಮುಖ ನೀರು ಹೀರಿ ಹಿಗ್ಗುತ್ತದೆ, ಇನ್ನೊಂದು ಹಿಗ್ಗುವುದಿಲ್ಲ, ಗೋಡೆ ಬಿಲ್ಲಾಗುತ್ತದೆ. ರಟ್ಟಿಗೂ ಎಂಡಿಎಫ್‌ಗೂ ಎರಡು ಮುಖ, ಎಲ್ಲ ಅಂಚು, ಜೋಡಿಸುವ ಮೊದಲೇ ಸೀಲರ್ ಆಗಬೇಕು. ಮುದ್ರಿತ ಮುಖಕ್ಕೆ ಹೊಡೆಯುವ ಮೊದಲು ಮೂಲೆಯ ತುಂಡಲ್ಲಿ ನೋಡಿ, ಕೆಲವು ಶಾಯಿ ಕರಗುತ್ತದೆ. ಅಷ್ಟಾದ ಮೇಲೂ ಗೆದ್ದಲು, ಬೂಷ್ಟು ಎರಡನ್ನೂ ಕಾಯಬೇಕು.

ಲೇಸರ್ ಎಂಡಿಎಫ್‌ನ ಇನ್ನೊಂದು ತಕರಾರು ದಪ್ಪ. 3 ಮಿ.ಮೀ. ಎಂದು ಮಾರುವ ಹಾಳೆ ಅಳೆದರೆ 2.7 ಇರಬಹುದು, 3.2 ಇರಬಹುದು. ಖಾಂಚ (ಜೋಡಿಸುವ ಕಚ್ಚು) 3ಕ್ಕೇ ಕೊಯ್ದಿದ್ದರೆ ಒಂದೋ ಲಟಲಟ, ಒಂದೋ ಸುತ್ತಿಗೆ. ಸೀಲರ್ ಹೊಡೆದ ಮೇಲೆ ಇನ್ನೂ ಬಿಗಿ. ಖಾಂಚವನ್ನು ಮೊದಲು ಅರದಲ್ಲಿ ಹದ ಮಾಡಿ, ಆಮೇಲೆ ಸೀಲರ್.

ನನ್ನ ಮಟ್ಟಿಗೆ ಕರಾವಳಿಗೆ ಸರಿಯಾದ ಹಾಳೆ 3 ಮಿ.ಮೀ. ಸನ್‌ಬೋರ್ಡ್ (ಪಿವಿಸಿ ನೊರೆಹಾಳೆ). ಫ್ಲೆಕ್ಸ್ ಅಂಗಡಿಯಲ್ಲಿ ಸಿಗುತ್ತದೆ, ನೀರು ಹೀರುವುದಿಲ್ಲ, ಕಟ್ಟರ್‌ನಲ್ಲಿ ಮೂರು ನಾಲ್ಕು ಎಳೆತಕ್ಕೆ ಕೊಯ್ಯುತ್ತದೆ. ಕಿಟ್‌ನ ಗೋಡೆಯ ಹಿಂದೆ ಇದರ ಅಡ್ಡಗೋಡೆ 8–10 ಸೆಂ.ಮೀ.ಗೊಂದು ಕೊಟ್ಟರೆ ಉದ್ದ ಗೋಡೆ ಬಾಗುವುದಿಲ್ಲ. ಕಿಟಕಿಯಿಂದ ನೇರ ಬಿಸಿಲು ಬೀಳುವ ಜಾಗಕ್ಕೆ ಮಾತ್ರ ಬೇಡ, ಕಾದರೆ ಮೆತ್ತಗಾಗುತ್ತದೆ.

ನೀರ್ಚಾಲು_ಕಾರ್ಡ್

ಎರಡು ಮುಖದ ಮಾತು ಸರಿ. ಆದರೂ ಗೋಡೆಗೆ ತಾಗಿದ ಹಿನ್ನೆಲೆ ಕಟ್ಟಡಕ್ಕೆ ರಟ್ಟು ಸಾಕು ಎಂಬುದೇ ನನ್ನ ವಾದ. ಅದನ್ನೇ ಸನ್‌ಬೋರ್ಡ್ ಮೇಲೆ ಮ್ಯಾಟ್ ವಿನೈಲ್ ಸ್ಟಿಕರ್ ಆಗಿ ಮುದ್ರಿಸಿ ಅಂಟಿಸಿದರೆ ಬಗ್ಗುವ ಪ್ರಶ್ನೆಯೂ ಇಲ್ಲ. ಹೊಳೆಯುವ ವಿನೈಲ್ ಕೊಟ್ಟರೆ ವಾಪಸ್ ಕೊಡಿ. ಮ್ಯಾಟ್ ಮೇಲೂ ಲ್ಯಾಮಿನೇಶನ್ ಹಾಕಬೇಡಿ ಎಂದು ಮೊದಲೇ ಹೇಳಬೇಕು.

ಮಂಜೇಶ್ವರ_ಲೂಪ್

ಹೆಂಚಿನ ಕಾರ್ಖಾನೆಯ ವಿಷಯಕ್ಕೆ ಬನ್ನಿ. ಜರ್ಮನ್ ಇಟ್ಟಿಗೆ ಕಾರ್ಖಾನೆ ಕಿಟ್ ತಂದು ಏನು ಬದಲಿಸಿದರೆ ನಮ್ಮದಾಗುತ್ತದೆ?

ಹೆಂಚುಮಾಡು

ಮಾಡು, ಅಂದರೆ ಛಾವಣಿ. ಗೋಡೆ ಹಾಗೇ ಇದ್ದರೂ ನಡೆಯುತ್ತದೆ, ಮಾಡು ನಡೆಯುವುದಿಲ್ಲ.

ಯುರೋಪಿನ ಕಿಟ್‌ನಲ್ಲಿ ಮಾಡು ಗೋಡೆಯಿಂದ 2–3 ಮಿ.ಮೀ. ಹೊರಗೆ ಬಂದು ನಿಲ್ಲುತ್ತದೆ. ನಮ್ಮಲ್ಲಿ ಮಳೆ ಗೋಡೆಗೆ ಹೊಡೆಯಬಾರದೆಂದು ಎರಡೂವರೆ ಅಡಿ ಇಳಿಸುತ್ತಾರೆ, 75 ಸೆಂ.ಮೀ. ಎಂದರೂ ಮಾದರಿಯಲ್ಲಿ 8.6 ಮಿ.ಮೀ. ಅಷ್ಟು ಹೊರಗೆ ತಂದ ಕೂಡಲೇ ಗೋಡೆಯ ಮೇಲಿನ ಕಾಲು ಭಾಗ ನೆರಳಿಗೆ ಹೋಗುತ್ತದೆ, ಕಟ್ಟಡ ಊರಿನದ್ದಾಗುತ್ತದೆ. ಕಿಟ್‌ನ ಮಾಡನ್ನು ಎಳೆದು ಉದ್ದ ಮಾಡಲಾಗದು, ಹೊಸದು ಕೊಯ್ಯಿರಿ: 1 ಮಿ.ಮೀ. ಸ್ಟೈರೀನ್ (ಕಿಟ್‌ನ ಜಾತಿಯದ್ದೇ ಪ್ಲಾಸ್ಟಿಕ್) ಹಾಳೆ ಅಡಿಗೆ, ಮೇಲೆ ಹೆಂಚಿನ ಅಚ್ಚಿನ ಹಾಳೆ. ಅಂಚಿನಡಿ ಪಕ್ಕಾಸು (ಮಾಡಿನ ಓರೆ ಮರ) ಕಾಣಬೇಕು: 1 × 1.5 ಮಿ.ಮೀ. ಪಟ್ಟಿ, 6 ಮಿ.ಮೀ.ಗೊಂದು. ಹಾಳೆಯ ದಪ್ಪ ಅಂಚಲ್ಲಿ ಕಾಣದಂತೆ ಕೆಳಗಿನಿಂದ ಓರೆಯಾಗಿ ಉಜ್ಜಿ.

ಹೆಂಚಿನ ಹಾಳೆಯ ಆಯ್ಕೆ. ಮಂಗಳೂರು ಹೆಂಚು ಸುಮಾರು 410 × 235 ಮಿ.ಮೀ.; ಒಂದರ ಮೇಲೊಂದು ಕೂತಾಗ ಕಾಣುವುದು ಸುಮಾರು 320 × 210. ಎಚ್‌ಒದಲ್ಲಿ ಸಾಲಿಗೆ ಸಾಲು 3.7 ಮಿ.ಮೀ., ಅಡ್ಡಕ್ಕೆ 2.4. ಈ ಹೆಂಚಿನ ಮೂಲ ವಿನ್ಯಾಸ 1841ರಲ್ಲಿ ಫ್ರಾನ್ಸಿನ ಅಲ್ಸಾಸ್‌ನ ಜಿಲಾರ್ಡೋನಿ ಸಹೋದರರು ಪೇಟೆಂಟ್ ಮಾಡಿದ, ಒಂದಕ್ಕೊಂದು ಕಚ್ಚಿ ಕೂರುವ ಕೊಂಡಿ ಹೆಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಶುರುಮಾಡಿದ್ದು ಅದೇ ಜಾತಿಯದ್ದು. ಆದಕಾರಣ ಜರ್ಮನ್ ಕಿಟ್‌ಗಳ ಕೊಂಡಿ ಹೆಂಚಿನ ಹಾಳೆ ನಮಗೆ ಹತ್ತಿರದ ನೆಂಟ. ಇಂಗ್ಲೆಂಡಿನ ವಿಲ್ಸ್‌ನವರ ಅಲೆ ಹೆಂಚಿನ ಹಾಳೆ ಬೇಡ, ಅದರ ಉಬ್ಬು ದುಂಡಗೆ, ನಮ್ಮದು ಚಪ್ಪಟೆ.

ವಿಲ್ಸ್ ಗಾತ್ರದ ಸಣ್ಣ ಹಾಳೆ, ಸುಮಾರು 130 × 75, ಯಾರದ್ದೇ ಆದರೂ ಲೆಕ್ಕ ಹೀಗೆ: ಕಟ್ಟಡವನ್ನು 400 ಬದಲು 390 ಉದ್ದ ಮಾಡಿದರೆ ಒಂದು ಇಳಿಜಾರಿಗೆ ಮೂರು ಹಾಳೆ, ಎರಡಕ್ಕೆ ಆರು. 400 ಮಾಡಿದಿರೋ, ಎಂಟು ಬೇಕು. ಹಾಳೆಗೆ ಹಾಳೆ ಸೇರುವಲ್ಲಿ ನೇರ ಗೆರೆ ಕೊಯ್ಯಬೇಡಿ. ಹೆಂಚಿನ ಅಂಚು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಕೊಯ್ದರೆ ಜೋಡಣೆ ಕಾಣುವುದಿಲ್ಲ.

ಬಣ್ಣಕ್ಕೆ ಬಂದರೆ, ಹೊಸ ಹೆಂಚಿನ ಕಿತ್ತಳೆ ಕೆಂಪು ಎಲ್ಲಿಯೂ ಇಡೀ ಮಾಡಿಗೆ ಇರುವುದಿಲ್ಲ. ಎರಡು ಮೂರು ಮಳೆಗಾಲಕ್ಕೆ ಕಪ್ಪು. ಮೇಲ್ತುದಿಯ ಹತ್ತಿರ ಸ್ವಲ್ಪ ಕೆಂಪು ಉಳಿದಿರುತ್ತದೆ, ಅಂಚಿನ ಎರಡು ಸಾಲು ಹಸಿರುಗಪ್ಪು, ನಡುನಡುವೆ ಬದಲಿಸಿದ ಹೊಸ ಹೆಂಚು ಕೆಂಪಾಗಿ ಒಂದೊಂದು. ಅಲ್ಲಲ್ಲಿ ಗಾಜಿನ ಹೆಂಚಿಗೆ ಬೂದು ಬಿಳಿ ಒಂದು ಚೌಕ. 390 ಮಿ.ಮೀ. ಮಾಡಿಗೆ ಆರೆಂಟು ಗಾಜು ಸಾಕು, ಸಾಲಾಗಿ ಬೇಡ.

ಗೋಡೆಯ ಬುಡದಲ್ಲಿ 6–7 ಮಿ.ಮೀ. ಎತ್ತರಕ್ಕೆ ಕೆಮ್ಮಣ್ಣಿನ ರಾಡಿ ಸಿಡಿದ ಪಟ್ಟೆ ಕೊಡಿ. ಅಂಚಿನಿಂದ ಬಿದ್ದ ನೀರು ಸಿಡಿದು ಆಗುವುದು ಅದು. ಪಟ್ಟೆಯ ಮೇಲ್ಗೆರೆ ನೇರ ಇರಬಾರದು. ನೀರಿಳಿಯುವ ಪೈಪಿನ ಹತ್ತಿರ ಎತ್ತರ, ಮೆಟ್ಟಿಲಿನ ಹತ್ತಿರ ಇಲ್ಲವೇ ಇಲ್ಲ.

ಮಂಜೇಶ್ವರ_ಲೂಪ್

ಗೋಡೆ ಇಟ್ಟಿಗೆಯದ್ದೇ ಬಿಡಬಹುದೇ? ನಮ್ಮಲ್ಲಿ ಕೆಂಪುಕಲ್ಲು ಅಲ್ಲವೇ.

ಹೆಂಚುಮಾಡು

ಕೆಂಪುಕಲ್ಲು 390 × 190 ಹತ್ತಿರ, ಮಾದರಿಯಲ್ಲಿ 4.5 × 2.2. ಕಿಟ್‌ನ ಇಟ್ಟಿಗೆ ವರಸೆ ಒಂದು ಮಿ.ಮೀ. ಆಸುಪಾಸು. ಬಣ್ಣ ಬದಲಿಸಿ ಕಲ್ಲು ಎನ್ನಲಾಗದು. ಸುಲಭ ದಾರಿ ಗಾರೆ ಸಾರಿಸಿದ ಗೋಡೆ. ವಾಲ್ ಪುಟ್ಟಿ ಒಂದು ಚಮಚ, ಐದಾರು ಹನಿ ಫೆವಿಕಾಲ್, ಮಜ್ಜಿಗೆ ಹದಕ್ಕೆ ನೀರು. ಕುಂಚದಲ್ಲಿ ತೆಳ್ಳಗೆ ಎರಡು ಕೈ. ಫೆವಿಕಾಲ್ ಇಲ್ಲದೆ ಬರೀ ಪುಟ್ಟಿ ಬಳಿದರೆ ಪ್ಲಾಸ್ಟಿಕ್ ಮೇಲಿಂದ ಸಿಪ್ಪೆ ಏಳುತ್ತದೆ. ಮೊದಲು ಗೋಡೆಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಿರಿ, ಅಚ್ಚಿನ ಎಣ್ಣೆ ಇರುತ್ತದೆ. ಒಂದೆರಡು ಕಡೆ ಗಾರೆ ಬಿದ್ದುಹೋದಂತೆ ಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಬಿಟ್ಟರೆ ಒಳಗೆ ಇಟ್ಟಿಗೆ ಕಾಣುತ್ತದೆ, ಕಾಸರಗೋಡು ಹೋಯಿತು! ಆ ಜಾಗದಲ್ಲಿ 4.5 × 2.2ರ ಗೆರೆ ಕೊರೆದ ಸ್ಟೈರೀನ್ ತುಂಡು ಕೂರಿಸಿ, ಇಲ್ಲ ಬಿಡಲೇಬೇಡಿ.

ಒಣಗಿಸುವ ಶೆಡ್ಡಿಗೆ ಮೇಲಂತಸ್ತಲ್ಲಿ ಗೋಡೆ ಬೇಡ, ಮರದ ಪಟ್ಟಿ. ಗಾಳಿ ಆಡಬೇಕಲ್ಲ. ಕಿಟ್‌ನ ಮೇಲಿನ ಸಾಲು ಕಿಟಕಿಯನ್ನು ಪೂರ್ತಿ ಕೊಯ್ದು ತೆಗೆದು 0.5 × 2 ಮಿ.ಮೀ. ಪಟ್ಟಿ 1 ಮಿ.ಮೀ. ಸಂದು ಬಿಟ್ಟು ಅಡ್ಡಡ್ಡ ಅಂಟಿಸಿ. ಹಿಂದಿನಿಂದ ಕಪ್ಪು ಕಾಗದ, ಇಲ್ಲವಾದರೆ ಖಾಲಿ ಡಬ್ಬಿ ಕಾಣುತ್ತದೆ.

ಆದೋನಿ_ಜಿನ್

ಗೋದಾಮಿಗೆ ಶೀಟು ಮೇಲ್ಛಾವಣಿ ಹಾಕುವವರಿಗೆ. ಕಿಟ್‌ನಲ್ಲಿ ಬರುವ ಅಲೆ ಶೀಟು ನಮ್ಮ ಅಳತೆಗೆ ಬರುವುದು ಕಡಿಮೆ. ತಗಡಿನ ಶೀಟಿನ ಅಲೆ 76 ಮಿ.ಮೀ.ಗೊಂದು, ಎಚ್‌ಒದಲ್ಲಿ 0.87. ಸಿಮೆಂಟ್ ಶೀಟಿನದ್ದು 146 ಮಿ.ಮೀ., ಎಚ್‌ಒದಲ್ಲಿ 1.68. ಹಾರ್ಡ್‌ವೇರ್ ಅಂಗಡಿಯ ಉದ್ದನೆಯ ಮರೆ (ಥ್ರೆಡ್) ಇರುವ ರಾಡು ನೋಡಿ: ಎಂ5 (5 ಮಿ.ಮೀ.) ರಾಡಿನಲ್ಲಿ ಮರೆಯಿಂದ ಮರೆಗೆ 0.8 ಮಿ.ಮೀ., ಎಂ12 ರಾಡಿನದ್ದು 1.75. ತಗಡಿಗೆ ಎಂ5, ಸಿಮೆಂಟ್ ಶೀಟಿಗೆ ಎಂ12, ಎರಡೂ ಕಣ್ಣಿಗೆ ಗೊತ್ತಾಗದಷ್ಟು ಹತ್ತಿರ.

ಪಾರ್ಸಲ್ ಊಟದ ಅಲ್ಯುಮಿನಿಯಂ ಟ್ರೇ ತಳ ಕೊಯ್ದು, ಸೈಕಲ್ ಟ್ಯೂಬಿನ ರಬ್ಬರ್ ಮೇಲಿಟ್ಟು, ರಾಡನ್ನು ಒತ್ತಿ ಒಂದೇ ದಿಕ್ಕಿಗೆ ಉರುಳಿಸಿ. ಅಡುಗೆಮನೆಯ ಫಾಯಿಲ್ ತೀರಾ ತೆಳು, ಬೆರಳು ತಾಗಿದರೆ ಅಲೆ ಹೋಗುತ್ತೆ. ತಂಪು ಪಾನೀಯದ ಕ್ಯಾನ್ ಗಟ್ಟಿ, ಅಲೆ ಬೀಳೋದಿಲ್ಲ. ಮರೆ ಸುತ್ತಿಕೊಂಡು ಹೋಗುವುದರಿಂದ ಗೆರೆ ಸುಮಾರು 3 ಡಿಗ್ರಿ ವಾರೆ ಬೀಳುತ್ತೆ, ಅದಕ್ಕೇ ಮೊದಲು ಒತ್ತಿ, ಆಮೇಲೆ ಗೆರೆ ಹಿಡಿದು ಚೌಕ ಕತ್ತರಿಸಿ. ಮೊದಲೇ ಕತ್ತರಿಸಿದರೆ ಶೀಟೆಲ್ಲಾ ವಾರೆ.

ಕತ್ತರಿಸುವ ಅಳತೆ: 8 ಅಡಿಯ ತಗಡು 28 ಮಿ.ಮೀ. ಉದ್ದ, ಅಗಲ 9–10. ಸಿಮೆಂಟ್ ಶೀಟು 12 ಅಗಲ. ಕೆಳಗಿನ ಸಾಲು ಮೊದಲು, ಮೇಲಿನದ್ದು 1.5ರಿಂದ 2 ಮಿ.ಮೀ. ಹತ್ತಬೇಕು. ಬದಿಗೆ ಒಂದು ಅಲೆ ಹತ್ತಬೇಕು. ಅಂಟಿಗೆ ಫೆವಿಬಾಂಡ್ ತೆಳ್ಳಗೆ. ಇಡೀ ಛಾವಣಿಗೆ ಒಂದೇ ದೊಡ್ಡ ಹಾಳೆ ಹಾಕಿದರೆ ಎಷ್ಟು ಬಣ್ಣ ಬಳಿದರೂ ಹಾಳೆಯೇ. ಬಿಡಿ ಶೀಟು ಹಾಕಿದರೆ ಒಂದೊಂದು ಸ್ವಲ್ಪ ಎದ್ದು, ಸ್ವಲ್ಪ ಓರೆ, ಬಣ್ಣವೂ ಬೇರೆ.

ಹೊಟಗಿ_ಯಾರ್ಡ್

ಭಲೇ. ಎಂ12 ಮರೆ ಉಪಾಯ ಸೊಲ್ಲಾಪುರ ಗಿರಣಿಗೂ ನಡೀತೈತಿ. ಯಾರಾದ್ರೂ ಗರಗಸದ ಹಲ್ಲಿನಂಥ ಛಾವಣಿ ಕಿಟ್ ತರಸೋರಿದ್ರ ಒಂದ್ ನೆನಪಿಡ್ರಿ: ಗಾಜಿನ ಮುಖ ಉತ್ತರಕ್ಕ ಇರಬೇಕು. ನೇರ ಬಿಸಿಲು ಮಗ್ಗದ ಮ್ಯಾಲ ಬೀಳಬಾರದಂತ ಹಂಗ ಕಟ್ಟೋದು. ಸೊಲ್ಲಾಪುರದಾಗ ಮೊದಲನೇ ಗಿರಣಿ 1877ರದ್ದು, ಆ ಕಾಲದ ಶೆಡ್ಡು ಮಾಡೋರು ಲೇಔಟಿನ ಉತ್ತರ ಯಾವ ಕಡೆ ಅಂತ ಮೊದಲ ಗುರುತು ಹಾಕ್ಕೋರಿ. ಗಾಜು ನೋಡೋರ ಕಡೆ ಬಂದ್ರ ಒಳಗ ಲೈಟ್ ಹಾಕಬೇಕಾಗ್ತೈತಿ; ಆ ಕಡೆ ಹೋದ್ರ ಬರೇ ಶೀಟು ಕಾಣ್ತೈತಿ, ಅರ್ಧ ಕೆಲಸ ಉಳೀತು.

ಕುಂಬಳೆ_ಎನ್

ಎನ್ ಗೇಜ್‌ನವರಿಗೆ ಈ ಲೆಕ್ಕ ನೇರ ಹೊಂದುವುದಿಲ್ಲ. 1:160ರಲ್ಲಿ ಬಿಸಿಎನ್‌ಎ 90 ಮಿ.ಮೀ., ಗೂಡ್ಸ್ ಪ್ಲಾಟ್‌ಫಾರ್ಮ್ 6.7 ಮಿ.ಮೀ. ತಗಡಿನ ಅಲೆ ಅರ್ಧ ಮಿ.ಮೀ.ಗೂ ಕಡಿಮೆ, ರಾಡಿನ ಉಪಾಯ ನಡೆಯುವುದಿಲ್ಲ, ಮುದ್ರಿತ ವಿನೈಲ್ ಸಾಕು.

ಹೊಸೂರು_ಶೆಡ್

ಗೋದಾಮು ಈಗಿನ ಕಾಲದ್ದು ಮಾಡೋದಾದರೆ ಪೈಕ್‌ಸ್ಟಫ್‌ನ ಸ್ಟೀಲ್ ಶೆಡ್ ಕಿಟ್ ನೋಡಿ, ಹೊಸೂರು ಕೈಗಾರಿಕಾ ಎಸ್ಟೇಟಿನ ಶೆಡ್‌ಗಳಿಗೆ ಹತ್ತಿರ. ಬದಲಿಸಬೇಕಾದ್ದು ಒಂದೇ ದೊಡ್ಡದು. ಅಲ್ಲಿ ಶೀಟು ನೆಲದವರೆಗೆ ಇಳಿಯುತ್ತೆ. ಇಲ್ಲಿ 3 ಮೀಟರ್‌ವರೆಗೆ ಇಟ್ಟಿಗೆ ಕಟ್ಟಿ ಗಾರೆ ಮಾಡಿ, ಮೇಲೆ ಮಾತ್ರ ಶೀಟು. ಕಿಟ್‌ನ ಗೋಡೆ ಕೆಳಗಿನಿಂದ 34 ಮಿ.ಮೀ. ಕೊಯ್ದು, ಆ ಜಾಗಕ್ಕೆ ನಯವಾದ 1.5 ಮಿ.ಮೀ. ಸ್ಟೈರೀನ್, ಶೀಟು ಅದರ ಮೇಲೆ ಅರ್ಧ ಮಿ.ಮೀ. ಹೊರಗೆ ಹತ್ತಿರಬೇಕು, ಒಳಗಲ್ಲ. ಒಳಗೆ ಹೋದರೆ ಮಳೆನೀರು ಗೋಡೆಯೊಳಗೆ ಇಳಿದಂತೆ. ಮೇಲೆ ಗಾಳಿಗೆ ತಿರುಗುವ ವೆಂಟಿಲೇಟರ್, 600 ಮಿ.ಮೀ.ದು ಮಾದರಿಯಲ್ಲಿ 7 ಮಿ.ಮೀ., ನಾಲ್ಕೈದು. ರೋಲಿಂಗ್ ಶಟರ್, ಮೇಲೆ ಕಪ್ಪು ನೀರಿನ ಟ್ಯಾಂಕು. ಮುಗೀತು.

ಗೋಡೆ ಪೆಟ್ಟಿಗೆಯಿಂದಲೇ ಬಾಗಿ ಬಂದಿದ್ದರೆ 60–70 ಡಿಗ್ರಿ ನೀರಿನಲ್ಲಿ ಅದ್ದಿ ಎರಡು ಗಾಜಿನ ಮಧ್ಯೆ ತಣಿಯುವವರೆಗೆ ಒತ್ತಿಡಿ. ಕುದಿಯುವ ನೀರು ಹಾಕಿದರೆ ಬೇರೆ ಕಡೆಗೆ ಬಾಗುತ್ತೆ.

ಮಂಜೇಶ್ವರ_ಲೂಪ್

ಈಗ ಯೋಜನೆ ಹೀಗೆ: ಎಡಕ್ಕೆ ಹೆಂಚಿನ ಕಾರ್ಖಾನೆ 390 ಮಿ.ಮೀ., ಬಲಕ್ಕೆ ಗೋದಾಮು 500. ಎರಡೂ ಗೋಡೆಗೆ ತಾಗಿದ ಅರ್ಧ ಕಟ್ಟಡ, 60–70 ಮಿ.ಮೀ. ಆಳ. ಆವ್‌ಹಾಗೆನ್ ಗೋಡೆ, ಸನ್‌ಬೋರ್ಡ್ ಬೆನ್ನು. ಚಿಮಣಿ ಕಿಟ್‌ದ್ದೇ. ಹೆಸರಿನ ಬೋರ್ಡು ಕನ್ನಡ, ಮಲಯಾಳ ಎರಡರಲ್ಲೂ ಬೇಕು.

ನೀರ್ಚಾಲು_ಕಾರ್ಡ್

ಬೋರ್ಡಿಗೆ ಎಚ್ಚರ. ಫ್ಲೆಕ್ಸ್ ಅಂಗಡಿಗೆ ಟೈಪ್ ಮಾಡಿದ ಫೈಲ್ ಕೊಟ್ಟರೆ ಅವರ ಕಂಪ್ಯೂಟರ್‌ನಲ್ಲಿ ಫಾಂಟ್ ಬೇರೆ ಇರುತ್ತದೆ. ಯೂನಿಕೋಡ್ ಅಕ್ಷರ ಹಳೆಯ ನುಡಿ ಫಾಂಟಿಗೆ ಬಿದ್ದು ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಕೋರೆಲ್ ತಂತ್ರಾಂಶದಲ್ಲಿ ಅಕ್ಷರವನ್ನು ಕರ್ವ್ಸ್‌ಗೆ (ಫಾಂಟ್ ಬೇಡದ ಚಿತ್ರಗೆರೆಗೆ) ಬದಲಿಸಿ ಕೊಡಿ. ದೊಡ್ಡ ಅಕ್ಷರ 45 ಸೆಂ.ಮೀ. ಎಂದರೆ ಮಾದರಿಯಲ್ಲಿ 5 ಮಿ.ಮೀ., ಓದಲು ಅಡ್ಡಿಯಿಲ್ಲ. ಎರಡನೆಯ ಸಾಲಿಗೆ 2.5ಕ್ಕಿಂತ ಕೆಳಗಿಳಿದರೆ ಒತ್ತು ತುಂಬಿಕೊಳ್ಳುತ್ತದೆ. ‘ಸ್ತ್ರ’, ‘ಕ್ಷ್ಮಿ’ ಇರುವ ಹೆಸರು ಇಟ್ಟರೆ ಸಾಲಿನ ನಡುವೆ ಜಾಗ ಹೆಚ್ಚು ಬಿಡಿ. ಒಂದೇ ಹಾಳೆಯಲ್ಲಿ ಮೂರು ಗಾತ್ರ ಮುದ್ರಿಸಿ, ಇಟ್ಟು ನೋಡಿ ಆರಿಸಿ.

ಹೆಂಚುಮಾಡು

ಯೋಜನೆಯಲ್ಲಿ ಎರಡು ತಿದ್ದುಪಡಿ. ಒಂದು, 390 + 500 ಸೇರಿ 890, ಸೈಡಿಂಗ್ 900. ನಡುವೆ ಲಾರಿ ಹೋಗಲು ಜಾಗ ಇಲ್ಲ. ಲಾರಿ 2.5 ಮೀಟರ್ ಅಗಲ, ಗೇಟು 5 ಮೀಟರ್ ಎಂದಿಟ್ಟರೂ 58 ಮಿ.ಮೀ. ಬೇಕು. ಗೋದಾಮನ್ನು 440ಕ್ಕೆ ಇಳಿಸಿ. 5,000 ಟನ್ನಿನ ನಿಜವಾದ ಗೋದಾಮು 125 ಮೀಟರ್ ಸುಮಾರು ಉದ್ದ, ಮಾದರಿಯಲ್ಲಿ 1.4 ಮೀಟರ್, 500 ಇಟ್ಟರೂ 440 ಇಟ್ಟರೂ ಅದು ಗಿಡ್ಡವೇ, ಯಾರೂ ಅಳೆಯುವುದಿಲ್ಲ. ಶಟರ್ ನಾಲ್ಕು ಸಮಾನ ಅಂತರದಲ್ಲಿ ಇಟ್ಟರೆ ಉದ್ದ ಅನ್ನಿಸುತ್ತದೆ.

ಎರಡು, ಚಿಮಣಿ. ನಿಜದಲ್ಲಿ 25–30 ಮೀಟರ್, ಮಾದರಿಯಲ್ಲಿ 290ರಿಂದ 345 ಮಿ.ಮೀ. ನಿಮ್ಮ ಕಟ್ಟಡ 120 ಎತ್ತರ ಇದ್ದರೆ ಚಿಮಣಿ 220 ಸಾಕು. ಹಿನ್ನೆಲೆ ಗೋಡೆಗೆ ತಾಗಿಸಬೇಡಿ, ಕನಿಷ್ಠ 30 ಮಿ.ಮೀ. ಮುಂದೆ ಇರಲಿ, ಲೈಟ್ ಮುಂದಿನಿಂದ ಇದ್ದರೆ ಆಕಾಶದ ಮೇಲೆ ಚಿಮಣಿಯ ನೆರಳು ಬೀಳುತ್ತದೆ, ನೀಲಿ ಆಕಾಶಕ್ಕೆ ಕಪ್ಪು ಗೆರೆ ಎಳೆದಂತೆ. ಲೈಟನ್ನು ಬೋರ್ಡಿನ ಮುಂದಿನ ಅಂಚಿನ ನೇರ ಮೇಲಕ್ಕೆ ತಂದರೆ ನೆರಳು ಕೆಳಗೆ ಬೀಳುತ್ತದೆ.

ಮಂಜೇಶ್ವರ_ಲೂಪ್

ಒಳಗೆ ಎಲ್‌ಇಡಿ ಹಾಕಿದರೆ ಗೋಡೆಯಿಂದಲೇ ಬೆಳಕು ಸೋರುತ್ತದೆಯಂತೆ?

ಹೊಸೂರು_ಶೆಡ್

ಸೋರುತ್ತೆ, ಅದರಲ್ಲೂ ತಿಳಿ ಬಣ್ಣದ ಅಚ್ಚಿನ ಗೋಡೆಯಲ್ಲಿ. ಜೋಡಿಸುವ ಮೊದಲು ಒಳಮುಖಕ್ಕೆ ಒಂದು ಕೈ ಕಪ್ಪು, ಅದರ ಮೇಲೆ ಬಿಳಿ. ಅಂಟು ತಾಗುವ ಅಂಚಿಗೆ ಬಣ್ಣ ಬೇಡ, ಮೊದಲೇ ಟೇಪ್ ಹಾಕಿ. ಮೂಲೆಗಳಿಗೆ ಒಳಗಿನಿಂದ 3 × 3 ಮಿ.ಮೀ. ಪಟ್ಟಿ ಕೊಟ್ಟರೆ ಸಂದಿಯ ಬೆಳಕೂ ನಿಲ್ಲುತ್ತೆ, ಮೂಲೆಯೂ ಗಟ್ಟಿ. 12 ವೋಲ್ಟಿಗೆ ಹಳದಿ ಬಿಳಿ ಎಲ್‌ಇಡಿ ಒಂದಕ್ಕೆ 1 ಕಿಲೋ ಓಮ್ ಹಾಕಿದರೆ ಸುಮಾರು 9 ಮಿಲಿಆಂಪ್, ಗೋದಾಮಿಗೆ ಅದು ಕಣ್ಣು ಕುಕ್ಕುತ್ತೆ. 4.7 ಕಿಲೋ ಹಾಕಿ, ಸುಮಾರು 2 ಮಿಲಿಆಂಪ್. ಮಾಡನ್ನು ಅಂಟಿಸಬೇಡಿ, ಸುಮ್ಮನೆ ಕೂರಿಸಿ. ಎಲ್‌ಇಡಿ ತಂತಿ ಬಿಟ್ಟರೆ ತೆಗೆದು ನೋಡಬೇಕಾಗುತ್ತೆ.

ಹೆಂಚುಮಾಡು

ಕೂರಿಸುವುದಾದರೆ ಒಳಗಿನಿಂದ ಎರಡು ಅಡ್ಡಪಟ್ಟಿ ಕೊಡಿ, ಗೋಡೆಗಿಂತ ಅರ್ಧ ಮಿ.ಮೀ. ಒಳಗೆ. ಇಲ್ಲದಿದ್ದರೆ ಫ್ಯಾನ್ ಹಾಕಿದ ಕೂಡಲೇ ಮಾಡು ಜಾರುತ್ತದೆ. ಬಣ್ಣದ ಕೆಲಸ ಮಳೆ ಬಿಟ್ಟ ಮೇಲೆ ಇಟ್ಟುಕೊಳ್ಳಿ. ಸ್ಪ್ರೇ ಲ್ಯಾಕರ್ ತೇವದ ಗಾಳಿಯಲ್ಲಿ ಬೆಳ್ಳಗಾಗುತ್ತದೆ. ಕುಂಚದಲ್ಲಿ ಅಕ್ರಿಲಿಕ್ ಆದರೆ ಆಷಾಢದಲ್ಲೂ ಆದೀತು, ಒಂದು ಕೈಗೂ ಇನ್ನೊಂದು ಕೈಗೂ ನಡುವೆ ಒಂದು ದಿನ ಬಿಡಬೇಕು ಅಷ್ಟೆ.